ತೋಪೆದ್ದ ಮ್ಯೂಸಿಕಲ್‌ಗಳ ಕಾಗದ ಬೇಕಾ? ಬ್ರಾಡ್‌ವೇ ಫ್ಲೀ ಮಾರ್ಕೆಟ್‌ಗೆ ಹೋಗಿ, ಆದರೆ ಪತ್ರಕ್ಕಲ್ಲ

ಮೊದಲೇ ಹೇಳಿಬಿಡುತ್ತೇನೆ. ನ್ಯೂಯಾರ್ಕ್, ನ್ಯೂಜೆರ್ಸಿ ಕಡೆ ಇದ್ದು, ಹಳೆಯ ನಾಟಕಗಳ ಕಾಗದಪತ್ರದ ಹುಚ್ಚು ಸ್ವಲ್ಪವಾದರೂ ಇದ್ದರೆ ಬ್ರಾಡ್‌ವೇ ಫ್ಲೀ ಮಾರ್ಕೆಟ್‌ಗೆ ಒಂದು ಭಾನುವಾರ ಧಾರಾಳವಾಗಿ ಕೊಡಬಹುದು. ಪ್ಲೇಬಿಲ್ (ನಾಟಕದ ಕಾರ್ಯಕ್ರಮ ಪುಸ್ತಿಕೆ), ವಿಂಡೋ ಕಾರ್ಡ್ (ರಟ್ಟಿನ ಪೋಸ್ಟರ್), ಹಳೆಯ ಎಲ್‌ಪಿ ರೆಕಾರ್ಡ್, ಇಷ್ಟಕ್ಕೆ ಇದು ಒಳ್ಳೆಯ ಜಾಗ. ನಾಟಕದವರು ಬರೆದ ಪತ್ರಗಳಿಗಲ್ಲ. ಪತ್ರ ಹುಡುಕಿಕೊಂಡು ಹೋದವರು ಸಾಮಾನ್ಯವಾಗಿ ಬರಿಗೈಲಿ ಬರುತ್ತಾರೆ. ಅದರ ವಿಷಯ ಮುಂದೆ ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಬ್ರಾಡ್‌ವೇ ಅಂದರೆ ನ್ಯೂಯಾರ್ಕಿನ ದೊಡ್ಡ ನಾಟಕಮಂದಿರಗಳ ಕೇರಿ, ಮ್ಯೂಸಿಕಲ್ ಅಂದರೆ ಹಾಡು ಕುಣಿತದ ನಾಟಕ. ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಶುರುವಿನ ಒಂದು ಭಾನುವಾರ, ಮ್ಯಾನ್‌ಹ್ಯಾಟನ್‌ನ ಶೂಬರ್ಟ್ ಆಲಿಯಲ್ಲಿ ಈ ಸಂತೆ ನಡೆಯುತ್ತದೆ. 44 ಮತ್ತು 45ನೇ ಬೀದಿಗಳ ನಡುವಿನ ಓಣಿ ಅದು. ಅಲ್ಲಿಂದ ಅಕ್ಕಪಕ್ಕದ ಬೀದಿಗೂ ಮೇಜುಗಳು ಹರಡಿಕೊಂಡಿರುತ್ತವೆ. ಬೆಳಗ್ಗೆ 10ಕ್ಕೆ ಶುರು, ಪ್ರವೇಶಕ್ಕೆ ದುಡ್ಡಿಲ್ಲ. ನಡೆಸುವುದು ಬ್ರಾಡ್‌ವೇ ಕೇರ್ಸ್/ಈಕ್ವಿಟಿ ಫೈಟ್ಸ್ ಏಡ್ಸ್ ಅನ್ನುವ ಸಂಸ್ಥೆ. 1987ರಲ್ಲಿ ‘ಎ ಕೋರಸ್ ಲೈನ್’ ತಂಡದವರು ಶೂಬರ್ಟ್ ಥಿಯೇಟರಿನ ಸ್ಟೇಜ್ ಡೋರ್ ಪಕ್ಕ ಎರಡು ಮೇಜು ಹಾಕಿ ಏನೋ ಚೂರುಪಾರು ಮಾರಿದ್ದು ಇದರ ಮೂಲ. ಆಗ ಏಡ್ಸ್‌ನಿಂದ ರಂಗಭೂಮಿಯವರು ಒಬ್ಬೊಬ್ಬರಾಗಿ ಸಾಯುತ್ತಿದ್ದ ಕಾಲ. ಈಗಲೂ ಬಂದ ದುಡ್ಡು ಅದೇ ಥರದ ಸಹಾಯಕ್ಕೆ ಹೋಗುತ್ತದೆ. ಹಾಗಾಗಿ ಇಲ್ಲಿ ಚೌಕಾಸಿ ಮಾಡಲು ನನಗೆ ಬಾಯಿ ಬರುವುದಿಲ್ಲ. ಮಾಡುವವರು ಮಾಡುತ್ತಾರೆ, ಸಂಜೆ ಹೊತ್ತಿಗೆ ಮೇಜಿನವರೇ ರೇಟು ಇಳಿಸುವುದೂ ಉಂಟು.

ನಾನು ಹೋಗುವುದು ಗೆದ್ದ ನಾಟಕಗಳಿಗಲ್ಲ. ‘ಹ್ಯಾಮಿಲ್ಟನ್’ ಟೀ ಶರ್ಟು, ‘ವಿಕೆಡ್’ ಮಗ್ಗು ಎಲ್ಲ ಕಡೆ ಸಿಗುತ್ತದೆ. ನನಗೆ ಬೇಕಿರುವುದು ಮಕಾಡೆ ಮಲಗಿದವು. ನಾಲ್ಕು ದಿನ ಆಡಿ ಮುಚ್ಚಿದವು, ಒಂದೇ ರಾತ್ರಿ ಆಡಿ ಮುಚ್ಚಿದವು, ಪಾಪ ಓಪನಿಂಗೇ (ಅಧಿಕೃತ ಮೊದಲ ಪ್ರದರ್ಶನ) ಆಗದೆ ಮುಚ್ಚಿದವು. ಸಿನಿಮಾ ತೋಪಾದರೆ ರೀಲಾದರೂ ಎಲ್ಲೋ ಇರುತ್ತದೆ, ಒಂದಿನ ಟೀವಿಯಲ್ಲಿ ಬರುತ್ತದೆ. ನಾಟಕ ತೋಪಾದರೆ ಸೆಟ್ಟು ಒಡೆದು ಕಸಕ್ಕೆ ಹೋಗುತ್ತದೆ, ಕಾಸ್ಟ್ಯೂಮು ಬಾಡಿಗೆ ಅಂಗಡಿಗೆ ಹೋಗುತ್ತದೆ, ಎಷ್ಟೋ ಸಲ ಹಾಡುಗಳ ರೆಕಾರ್ಡೂ ಬರುವುದಿಲ್ಲ. ಉಳಿಯುವುದು ಕಾಗದ ಮಾತ್ರ.

ಸಂತೆಯ ಸ್ವರೂಪ ಬೆಂಗಳೂರಿನವರಿಗೆ ಹೇಳಬೇಕೆಂದರೆ, ಚಿಕ್ಕಪೇಟೆ ಹಿಂದಿನ ಸಂಡೇ ಬಜಾರನ್ನು ಬರೀ ನಾಟಕದವರಿಗೆ ಬಿಟ್ಟುಕೊಟ್ಟ ಹಾಗೆ. ಒಂದೊಂದು ಮೇಜು ಒಂದೊಂದು ನಾಟಕದ ತಂಡದ್ದು ಅಥವಾ ಒಂದೊಂದು ಸಂಘದ್ದು. ಮುಂಭಾಗದಲ್ಲಿ ಎಲ್ಲ ಹೊಸ ಸರಕು. ಸ್ಟೇಜಿನ ಮೇಲೆ ಬಳಸಿದ ಪ್ರಾಪ್, ನಟರು ಸಹಿ ಹಾಕಿದ ಪೋಸ್ಟರ್, ಕೈಯಲ್ಲಿ ಮಾಡಿದ ಗೊಂಬೆ. ಜನ ಅಲ್ಲೇ ಮುತ್ತಿಕೊಂಡಿರುತ್ತಾರೆ. ಒಳ್ಳೆಯದೇ ಆಯಿತು. ನಮಗೆ ಬೇಕಾದ್ದು ಮೇಜಿನ ಕೆಳಗಿನ ರಟ್ಟಿನ ಡಬ್ಬದಲ್ಲಿರುತ್ತದೆ. ಯಾರೋ ಹಿರಿಯರು ತೀರಿಕೊಂಡ ಮೇಲೆ ಮನೆಯವರು ದಾನ ಕೊಟ್ಟ ಪ್ಲೇಬಿಲ್ ರಾಶಿ. ಬಗ್ಗಿ, ಮಂಡಿಯೂರಿ, ಒಂದೊಂದೇ ತೆಗೆದು ನೋಡಬೇಕು. ಬೆನ್ನುನೋವು ಇರುವವರು ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ.

ಪ್ಲೇಬಿಲ್ ಅಂದರೆ ಥಿಯೇಟರಿನಲ್ಲಿ ಪುಕ್ಕಟೆ ಕೊಡುವ ಕಾರ್ಯಕ್ರಮ ಪುಸ್ತಿಕೆ. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ, ಬೆಲೆ ಇರುವುದು ಒಳಗೆ. ಒಂದು ಉದಾಹರಣೆ ಹೇಳುತ್ತೇನೆ. ‘ಮೆರಿಲಿ ವಿ ರೋಲ್ ಅಲಾಂಗ್’, 1981. ಸಂಗೀತ ಸ್ಟೀಫನ್ ಸಾಂಡ್‌ಹೈಮ್, ನಿರ್ದೇಶನ ಹ್ಯಾಲ್ ಪ್ರಿನ್ಸ್. ಹೆಸರು ನೋಡಿದರೆ ಸೋಲುವ ಮಾತೇ ಇಲ್ಲ ಅನ್ನಿಸುತ್ತದೆ ಅಲ್ವಾ? ಓಪನಿಂಗ್ ಆದ ಮೇಲೆ ಆಡಿದ್ದು 16 ಪ್ರದರ್ಶನ. ಅಕ್ಟೋಬರ್‌ನಲ್ಲಿ ಪ್ರಿವ್ಯೂ, ಅಂದರೆ ಓಪನಿಂಗಿಗೆ ಮೊದಲಿನ ಪ್ರದರ್ಶನ, ಶುರುವಾದಾಗ ಜನ ಮಧ್ಯದಲ್ಲೇ ಎದ್ದು ಹೋಗುತ್ತಿದ್ದರು. ಗಾಬರಿಯಾಗಿ ನಾಯಕ ನಟ ಜೇಮ್ಸ್ ವೈಸನ್‌ಬಾಕ್‌ನನ್ನು ತೆಗೆದು ಜಿಮ್ ವಾಲ್ಟನ್‌ನನ್ನು ಹಾಕಿದರು. ನೃತ್ಯ ನಿರ್ದೇಶಕ ರಾನ್ ಫೀಲ್ಡ್ ಹೋಗಿ ಲ್ಯಾರಿ ಫುಲರ್ ಬಂದರು. ಯಾರು ಯಾವ ಪಾತ್ರ ಅಂತ ಜನರಿಗೆ ಗೊತ್ತಾಗುತ್ತಿಲ್ಲ ಅಂತ ಕಾಸ್ಟ್ಯೂಮ್ ಎಲ್ಲ ಬಿಸಾಕಿ, ಎದೆ ಮೇಲೆ ಪಾತ್ರದ ಹೆಸರು ಬರೆದ ಸ್ವೆಟ್‌ಶರ್ಟ್ ತೊಡಿಸಿದರು! ಹಾಗಾಗಿ ಈ ನಾಟಕದ ಪ್ಲೇಬಿಲ್ ಕೈಗೆ ಸಿಕ್ಕರೆ ಕವರ್ ನೋಡಬೇಡಿ, ಒಳಗಿನ ಪಾತ್ರವರ್ಗ ನೋಡಿ. ವೈಸನ್‌ಬಾಕ್, ರಾನ್ ಫೀಲ್ಡ್ ಹೆಸರಿದ್ದರೆ ಅದು ಶುರುವಿನ ಪ್ರಿವ್ಯೂದ್ದು. ಗಾಬರಿಯ ಮೊದಲಿನದ್ದು. ನನ್ನ ಮಟ್ಟಿಗೆ ಅದೇ ನಿಜವಾದ ಮಾಲು.

ಈ ನಾಟಕಕ್ಕೆ ಇನ್ನೊಂದು ಗಮ್ಮತ್ತಿದೆ. 2023ರಲ್ಲಿ ಹಡ್ಸನ್ ಥಿಯೇಟರಿನಲ್ಲಿ ಮತ್ತೆ ಆಡಿದರು, ಡ್ಯಾನಿಯಲ್ ರ‍್ಯಾಡ್‌ಕ್ಲಿಫ್, ಜೊನಾಥನ್ ಗ್ರಾಫ್, ಲಿಂಡ್ಸೆ ಮೆಂಡೆಜ್ ಇದ್ದರು, ಭರ್ಜರಿಯಾಗಿ ಓಡಿತು, 2024ರಲ್ಲಿ ಅತ್ಯುತ್ತಮ ಮರುಪ್ರಯೋಗಕ್ಕೆ ಟೋನಿ ಪ್ರಶಸ್ತಿಯೂ ಬಂತು. ಅಲ್ಲಿಗೆ ಕಥೆ ಮುಗಿಯಿತು. ಮೊದಲು ಯಾರೂ ಕೇಳದೆ ಡಬ್ಬದಲ್ಲಿದ್ದ 1981ರ ಪ್ರತಿಗಳು ಈಗ ಪ್ಲಾಸ್ಟಿಕ್ ಹೊದ್ದುಕೊಂಡು ಮೇಜಿನ ಮೇಲೆ ಬಂದು ಕೂತಿವೆ. ಸೋತದ್ದನ್ನು ಕೂಡಿಡುವವರಿಗೆ ಅದು ಗೆಲ್ಲುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ.

ಹೊಸಬರು ಒಂದು ವಿಷಯ ತಿಳಿದುಕೊಳ್ಳಬೇಕು. ಬೇಗ ಮುಚ್ಚಿದ್ದೆಲ್ಲ ಅಪರೂಪ ಅಂತ ಮಾರುವವರು ಹೇಳುತ್ತಾರೆ, ಅದು ಪೂರ್ತಿ ನಿಜ ಅಲ್ಲ. ‘ಬ್ರೇಕ್‌ಫಾಸ್ಟ್ ಎಟ್ ಟಿಫನೀಸ್’ ಮ್ಯೂಸಿಕಲ್ ತಗೊಳ್ಳಿ. 1966ರ ಡಿಸೆಂಬರ್, ಮೆಜೆಸ್ಟಿಕ್ ಥಿಯೇಟರ್, ಮೇರಿ ಟೈಲರ್ ಮೂರ್ ಮತ್ತು ರಿಚರ್ಡ್ ಚೇಂಬರ್‌ಲೇನ್. ನಾಲ್ಕು ಪ್ರಿವ್ಯೂ ಆದ ಮೇಲೆ ನಿರ್ಮಾಪಕ ಡೇವಿಡ್ ಮೆರಿಕ್, ವಿಮರ್ಶಕರಿಗೂ ಜನರಿಗೂ ಈ ಬೋರ್ ಹೊಡೆಸುವುದು ಬೇಡ ಅಂತ ತಾನೇ ಹೇಳಿಕೊಂಡು ಅಂಗಡಿ ಮುಚ್ಚಿದ. ಓಪನಿಂಗ್ ರಾತ್ರಿಯೇ ಬರಲಿಲ್ಲ. ಆದರೆ ಅಷ್ಟು ದೊಡ್ಡ ಥಿಯೇಟರ್, ನಾಲ್ಕು ಪ್ರದರ್ಶನ, ಸಾವಿರಾರು ಜನ. ಮುಚ್ಚಿದ ಸುದ್ದಿ ಎಲ್ಲ ಕಡೆ ಬಂದಿದ್ದರಿಂದ ನೋಡಿದವರೆಲ್ಲ ಪ್ಲೇಬಿಲ್ ಜೋಪಾನವಾಗಿ ಎತ್ತಿಟ್ಟರು. ಹೆಸರುವಾಸಿಯಾದ ಸೋಲಿನ ಕಾಗದ ಹೀಗೇ ಉಳಿಯುತ್ತದೆ. ನಿಜಕ್ಕೂ ಸಿಗದಿರುವುದು ಯಾರೂ ನೆನಪಿಟ್ಟುಕೊಳ್ಳದ ಸಾಧಾರಣ ಸೋಲುಗಳದ್ದು. ಎರಡು ವಾರ ಆಡಿ, ಯಾರಿಗೂ ಬೇಜಾರೂ ಆಗದೆ, ಸದ್ದಿಲ್ಲದೆ ಮುಚ್ಚಿದವು. ಅಂಥವು ಡಬ್ಬದಲ್ಲಿ ಕಂಡರೆ ಹಿಂದೆ ಮುಂದೆ ನೋಡದೆ ತಗೊಳ್ಳಿ, ರೇಟೂ ಜಾಸ್ತಿ ಇರುವುದಿಲ್ಲ.

ವಿಂಡೋ ಕಾರ್ಡ್‌ನದ್ದು ಇನ್ನೊಂದು ಲೆಕ್ಕ. ಅಂಗಡಿ ಕಿಟಕಿಯಲ್ಲಿ ನಿಲ್ಲಿಸಲು ಮಾಡಿದ ದಪ್ಪ ರಟ್ಟಿನ ಪೋಸ್ಟರ್ ಅದು, 14 ಇಂಚು ಅಗಲ, 22 ಇಂಚು ಎತ್ತರ. ನಾಟಕ ವರ್ಷಗಟ್ಟಲೆ ಓಡುತ್ತದೆ ಅಂತ ನಂಬಿ ಮೊದಲೇ ಅಚ್ಚು ಹಾಕಿಸಿರುತ್ತಾರೆ. ನಾಟಕ ಬಿದ್ದರೆ ಕಟ್ಟುಕಟ್ಟಲೆ ಹಾಗೇ ಉಳಿಯುತ್ತದೆ. ಹಾಗಾಗಿ ಕೆಲವು ಭಾರೀ ಸೋಲುಗಳ ವಿಂಡೋ ಕಾರ್ಡ್ ಹೊಚ್ಚ ಹೊಸದರಂತೆ ಸಿಗುತ್ತದೆ. ಅದನ್ನು ನೋಡಿ ನಕಲಿ ಅಂತ ಅನುಮಾನ ಪಡಬೇಡಿ. ನಕಲಿ ಗುರುತಿಸುವ ಬಗೆ ಬೇರೆ. ಹಳೆಯವುಗಳ ತಳದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚುಕೂಟದ ಹೆಸರಿರುತ್ತದೆ, ಬಹಳಷ್ಟರಲ್ಲಿ ಆರ್ಟ್‌ಕ್ರಾಫ್ಟ್ ಲಿಥೋ ಅಂತ. ಅಳತೆ ಸರಿಯಿರಬೇಕು. ಭೂತಗನ್ನಡಿ ಹಿಡಿದರೆ ಹಳೆಯ ಲಿಥೋ ಅಚ್ಚಿನ ಅಕ್ಷರದ ಅಂಚು ಚೊಕ್ಕವಾಗಿ ಕಾಣುತ್ತದೆ. ಇಂಕ್‌ಜೆಟ್ ಆದರೆ ಅಂಚಿನಲ್ಲಿ ಬಣ್ಣದ ಚುಕ್ಕಿ ಸಿಡಿದಂತಿರುತ್ತದೆ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ‘ಕೆಲ್ಲಿ’ ನಾಟಕದ ಅಸಲಿ ಕಾರ್ಡ್ ಅಂತ ಹೇಳಿ ಕಳಿಸಿದ್ದು ಹೀಗೇ ಚುಕ್ಕಿ ಚುಕ್ಕಿ. ವಾಪಸ್ ಕಳಿಸಿದರೆ ದುಡ್ಡು ಕೊಡಲು ಆತ ತಿಂಗಳುಗಟ್ಟಲೆ ಸತಾಯಿಸಿದ. ಸಂತೆಯಲ್ಲಿ ಅದೇ ಅನುಕೂಲ. ಕೈಯಲ್ಲಿ ಹಿಡಿದು, ತಿರುಗಿಸಿ, ಬೇಕಿದ್ದರೆ ಮೂಸಿ ನೋಡಿ ತಗೋಬಹುದು.

ಅಂದ ಹಾಗೆ ‘ಕೆಲ್ಲಿ’ ಅಂದರೆ ಬ್ರೂಕ್ಲಿನ್ ಸೇತುವೆಯಿಂದ ಹಾರಿದವನ ಕಥೆ. 1965ರ ಫೆಬ್ರವರಿ 6ಕ್ಕೆ ಓಪನಿಂಗ್, ಅದೇ ರಾತ್ರಿ ಮುಕ್ತಾಯ. ಆ ಕಾಲಕ್ಕೆ ಆರೂವರೆ ಲಕ್ಷ ಡಾಲರ್ ನೀರುಪಾಲು.

ತಾರೀಖು ಗೊತ್ತಾಗದ ಕಾಗದಕ್ಕೆ ಥಿಯೇಟರಿನ ಹೆಸರು ಒಳ್ಳೆಯ ಸುಳಿವು. ‘ಮೆರಿಲಿ’ ಆಡಿದ ಆಲ್ವಿನ್ ಈಗ ನೀಲ್ ಸೈಮನ್ ಥಿಯೇಟರ್. ‘ಕ್ಯಾರಿ’ ಆಡಿದ ವರ್ಜೀನಿಯಾ ಈಗ ಆಗಸ್ಟ್ ವಿಲ್ಸನ್. ಹೆಸರಾಂತ ಸಂಗೀತಗಾರ ಲಿಯೊನಾರ್ಡ್ ಬರ್ನ್‌ಸ್ಟೈನ್ ಸಂಗೀತ ಕೊಟ್ಟೂ 1976ರಲ್ಲಿ ಏಳೇ ಪ್ರದರ್ಶನಕ್ಕೆ ಬಿದ್ದ ‘1600 ಪೆನ್ಸಿಲ್ವೇನಿಯಾ ಅವೆನ್ಯೂ’ ಆಡಿದ ಮಾರ್ಕ್ ಹೆಲಿಂಜರ್ ಥಿಯೇಟರ್ ಈಗ ಚರ್ಚು. ನಾಟಕದ ಕಟ್ಟಡದಲ್ಲಿ ಪ್ರಾರ್ಥನೆ ನಡೆಯುತ್ತಿದೆ, ಆ ನಾಟಕಕ್ಕೆ ಆಗಲೇ ಯಾರಾದರೂ ಮಾಡಬೇಕಿತ್ತು.

‘ಕ್ಯಾರಿ’ ಹೆಸರು ಬಂತಲ್ಲ, ಅದರದ್ದು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಸೋಲು ಕೂಡಿಡುವವರ ಕುಲದೇವತೆ ಅದು. 1988ರಲ್ಲಿ ಇಂಗ್ಲೆಂಡಿನ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಮೊದಲು ಸ್ಟ್ರಾಟ್‌ಫರ್ಡ್‌ನಲ್ಲಿ ಆಡಿಸಿತು, ಆಮೇಲೆ ಬ್ರಾಡ್‌ವೇಗೆ ತಂದರು. ಮೇ 12ಕ್ಕೆ ಓಪನಿಂಗ್, 15ಕ್ಕೆ ಕೊನೆ, ಐದು ಪ್ರದರ್ಶನ, 70 ಲಕ್ಷ ಡಾಲರ್‌ಗೂ ಜಾಸ್ತಿ ನಷ್ಟ. ತಾಯಿಯ ಪಾತ್ರ ಸ್ಟ್ರಾಟ್‌ಫರ್ಡ್‌ನಲ್ಲಿ ಬಾರ್ಬರಾ ಕುಕ್ ಮಾಡಿದರು, ಅವರು ಬಿಟ್ಟ ಮೇಲೆ ಬ್ರಾಡ್‌ವೇಯಲ್ಲಿ ಬೆಟ್ಟಿ ಬಕ್ಲಿ. ಆಗ ಇದರ ಹಾಡಿನ ರೆಕಾರ್ಡೇ ಬರಲಿಲ್ಲ. ಅಧಿಕೃತ ಆಲ್ಬಮ್ ಬಂದದ್ದು 2012ರ ಹೊಸ ಪ್ರಯೋಗದ್ದು, ಅದೂ ತಿದ್ದಿದ್ದು. ಹಾಗಾಗಿ 1988ರ ಕಾಗದಕ್ಕೆ ವಿಪರೀತ ಬೇಡಿಕೆ. ಸಂತೆಯಲ್ಲಿ ಇದರ ಪ್ಲೇಬಿಲ್ ಕಾಣುತ್ತದೆ, ಆದರೆ ಬೆಳಗ್ಗೆ ಬೇಗ ಬಂದವರ ಪಾಲು. ಬಾರ್ಬರಾ ಕುಕ್ ಹೆಸರಿರುವ ಸ್ಟ್ರಾಟ್‌ಫರ್ಡ್ ಕಾರ್ಯಕ್ರಮ ಪುಸ್ತಿಕೆ ಬೇಕಿದ್ದರೆ ಇಂಗ್ಲೆಂಡಿನ ಮಾರಾಟಗಾರರನ್ನೇ ಹಿಡಿಯಬೇಕು.

ನಮ್ಮವರಿಗೆ ಒಂದೆರಡು ವಿಶೇಷ. ‘ಬಾಂಬೆ ಡ್ರೀಮ್ಸ್’ ಎಲ್ಲರಿಗೂ ಗೊತ್ತು, ಎ.ಆರ್. ರೆಹಮಾನ್ ಸಂಗೀತ. ಲಂಡನ್‌ನಲ್ಲಿ ಎರಡು ವರ್ಷ ಓಡಿದ್ದು ಬ್ರಾಡ್‌ವೇಯಲ್ಲಿ 2004ರ ಏಪ್ರಿಲ್‌ನಿಂದ 2005ರ ಜನವರಿ 1ರವರೆಗೆ ಅಷ್ಟೇ, 284 ಪ್ರದರ್ಶನ. ಹಾಕಿದ ದುಡ್ಡು ಬರಲಿಲ್ಲ. ಇದರ ಪ್ಲೇಬಿಲ್ ಇನ್ನೂ ಚಿಲ್ಲರೆ ಕಾಸಿಗೆ ಸಿಗುತ್ತದೆ. ಈಗಲೇ ತಗೊಳ್ಳಿ. ಇನ್ನೊಂದನ್ನು ಕೇಳಿದವರು ಕಡಿಮೆ. ‘ಕ್ರಿಸ್ಟೀನ್’, 1960. ಭಾರತದಲ್ಲಿ ನಡೆಯುವ ಕಥೆ. ಬರೆದವರಲ್ಲಿ ನೊಬೆಲ್ ಪಡೆದ ಪರ್ಲ್ ಬಕ್ ಒಬ್ಬರು, ನಾಯಕಿ ಹಾಲಿವುಡ್‌ನ ಮೌರೀನ್ ಓಹಾರಾ. ಹನ್ನೆರಡು ಪ್ರದರ್ಶನಕ್ಕೆ ಮುಗಿಯಿತು. ಆಡಿದ್ದು 46ನೇ ಬೀದಿ ಥಿಯೇಟರಿನಲ್ಲಿ, ಅದಕ್ಕೆ ಈಗ ರಿಚರ್ಡ್ ರಾಜರ್ಸ್ ಅಂತ ಹೆಸರು, ‘ಹ್ಯಾಮಿಲ್ಟನ್’ ವರ್ಷಗಟ್ಟಲೆ ಆಡುತ್ತಿರುವುದು ಅಲ್ಲೇ. ಕೊಲಂಬಿಯಾದವರು ಇದರ ಎಲ್‌ಪಿ ತಂದಿದ್ದರು. ಹಾಡುಗಳಲ್ಲಿ ಬರುವ ಭಾರತ ಯಾವ ಊರಿನದ್ದು ಅಂತ ನಮಗೆ ಗೊತ್ತಾಗುವುದಿಲ್ಲ, ಕೇಳಿ ನಕ್ಕುಬಿಡಬೇಕು. ರೆಕಾರ್ಡ್ ಡಬ್ಬಗಳಲ್ಲಿ ಕಣ್ಣಿಟ್ಟಿರಿ. ಅದೇ ಡಬ್ಬದಲ್ಲಿ ‘ಎನಿವನ್ ಕ್ಯಾನ್ ವಿಸಲ್’ ಎಲ್‌ಪಿಯೂ ಇರಬಹುದು. 1964ರಲ್ಲಿ ಒಂಬತ್ತೇ ಪ್ರದರ್ಶನ ಕಂಡ ಸಾಂಡ್‌ಹೈಮ್ ನಾಟಕ ಅದು. ಮುಚ್ಚಿದ ಮೇಲೂ ಕೊಲಂಬಿಯಾದವರು ಕೂರಿಸಿ ಹಾಡಿಸಿದರು, ಇಲ್ಲದಿದ್ದರೆ ಆ ಹಾಡುಗಳು ಇವತ್ತು ಇರುತ್ತಿರಲಿಲ್ಲ.

ಸರಿ, ಪತ್ರಗಳ ವಿಷಯ. ಸಂತೆಯಲ್ಲಿ ಯಾಕೆ ಸಿಗುವುದಿಲ್ಲ ಅಂದರೆ, ದಾನ ಕೊಡುವವರು ಪ್ಲೇಬಿಲ್ ಕೊಡುತ್ತಾರೆ, ಪತ್ರ ಕೊಡುವುದಿಲ್ಲ. ಪತ್ರ ಮನೆಯಲ್ಲೇ ಇರುತ್ತದೆ, ಇಲ್ಲ ಕಸಕ್ಕೆ ಹೋಗುತ್ತದೆ. ದೊಡ್ಡವರದ್ದಾದರೆ ಗ್ರಂಥಾಲಯಕ್ಕೆ. ಬರ್ನ್‌ಸ್ಟೈನ್ ಅವರ ಪತ್ರಗಳು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಹ್ಯಾಲ್ ಪ್ರಿನ್ಸ್ ಅವರ ಕಾಗದಪತ್ರ ಲಿಂಕನ್ ಸೆಂಟರಿನ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ. ಅಲ್ಲಿ ಹೆಸರು ಬರೆಸಿ ಕೂತು ಓದಬಹುದು, ಪುಕ್ಕಟೆ. ಕೊಳ್ಳಲು ಬರುವುದು ಸಣ್ಣವರ ಪತ್ರಗಳು. ಕೋರಸ್ ಹುಡುಗಿ (ಗುಂಪಿನಲ್ಲಿ ಹಾಡಿ ಕುಣಿಯುವವಳು) ತಾಯಿಗೆ ಬರೆದದ್ದು, ನಿರ್ಮಾಪಕರ ಆಫೀಸಿನಿಂದ ಸಣ್ಣಪುಟ್ಟ ಹೂಡಿಕೆದಾರರಿಗೆ ಹೋದ ಟೈಪ್ ಮಾಡಿದ ಪತ್ರ, ಓಪನಿಂಗ್ ರಾತ್ರಿಗೆ ಶುಭ ಕೋರಿ ಬಂದ ವೆಸ್ಟರ್ನ್ ಯೂನಿಯನ್ ಟೆಲಿಗ್ರಾಂಗಳು. ಇವು ಮನೆ ಖಾಲಿ ಮಾಡುವ ಮಾರಾಟದಲ್ಲಿ, ಆನ್‌ಲೈನ್ ಹರಾಜಿನಲ್ಲಿ ಗಂಟುಗಂಟಾಗಿ ಬರುತ್ತವೆ.

ನನ್ನ ಹತ್ತಿರ ಇರುವ ಒಂದು ಪತ್ರ ಅಂಥ ಹುಡುಗಿಯೊಬ್ಬಳು ಬಾಸ್ಟನ್‌ನ ಹೋಟೆಲ್ ಕಾಗದದಲ್ಲಿ ಬರೆದದ್ದು. ಆಗೆಲ್ಲ ನಾಟಕಗಳನ್ನು ಬ್ರಾಡ್‌ವೇಗೆ ತರುವ ಮೊದಲು ಬಾಸ್ಟನ್, ಫಿಲಡೆಲ್ಫಿಯಾಗಳಲ್ಲಿ ಆಡಿ ನೋಡುತ್ತಿದ್ದರು. ದಿನಾ ರಾತ್ರಿ ಹೊಸ ಹಾಳೆ ಬರುತ್ತಿದೆ, ಬೆಳಗ್ಗೆ ಕಲಿತದ್ದನ್ನು ಸಂಜೆ ಕಿತ್ತು ಹಾಕುತ್ತಾರೆ, ತನ್ನ ಪಾಲಿನ ಕುಣಿತವೂ ಹೋಯಿತು ಅಂತ ಬರೆದಿದ್ದಾಳೆ. ಆಮೇಲೆ ಒಂದು ಪುಟ ಪೂರ್ತಿ ಚಳಿಗಾಲದ ಕೋಟು ಯಾರ ಕೈಲಿ ಕಳಿಸಬೇಕು ಅಂತ. ಕೊನೆಯಲ್ಲಿ ಪೆನ್ನು ಬದಲಾಗಿದೆ, ಶಾಯಿ ಕಪ್ಪಿನಿಂದ ನೀಲಿಗೆ ಹೋಗಿದೆ, ಅಕ್ಷರ ಓಡಿದೆ. ಯಾರೋ ರಿಹರ್ಸಲ್‌ಗೆ ಕರೆದಿರಬೇಕು. ಯಾವ ನಾಟಕ ಅಂತ ಇಲ್ಲಿ ಬರೆದರೆ ಯಾರು ಅಂತ ಹುಡುಕಿಬಿಡುತ್ತೀರಿ, ಅದಕ್ಕೆ ಬೇಡ. ಫೋಟೋ ಕೂಡ ಹಾಕುವುದಿಲ್ಲ. ಕಾಗದ ಕೊಂಡರೆ ಕಾಗದ ಮಾತ್ರ ನಿಮ್ಮದು. ಅದರಲ್ಲಿ ಬರೆದದ್ದರ ಹಕ್ಕು ಅಮೆರಿಕದ ಕಾನೂನಿನಲ್ಲಿ ಬರೆದವರದ್ದೇ, ಅವರು ತೀರಿಕೊಂಡ ಮೇಲೂ 70 ವರ್ಷ ವಾರಸುದಾರರದ್ದು. ಪತ್ರ ಕೊಂಡು ಪೂರ್ತಿ ಫೇಸ್‌ಬುಕ್ಕಿಗೆ ಏರಿಸುವವರು ಇದನ್ನು ಸ್ವಲ್ಪ ಗಮನಿಸಿ.

ಸಂತೆಯಲ್ಲಿ ಹರಾಜೂ ಇದೆ. ಸಂಗೀತಗಾರರು ತಮ್ಮ ಹಾಡಿನ ಒಂದೆರಡು ಸಾಲು ಸ್ವರಲಿಪಿ ಕೈಯಲ್ಲಿ ಬರೆದು ಸಹಿ ಹಾಕಿ ಕೊಡುತ್ತಾರೆ, ನೋಡಲು ಬಲು ಚೆಂದ. ಬಿಡ್ ಏರುವ ವೇಗ ನೋಡಿದರೆ ನಮ್ಮಂಥವರು ಕೈ ಜೇಬಿನಲ್ಲೇ ಇಟ್ಟುಕೊಳ್ಳುವುದು ಕ್ಷೇಮ. ಸಹಿ ಇರುವ ಫ್ರೇಮ್ ಹಾಕಿದ ಪೋಸ್ಟರ್‌ಗಳ ಬಗ್ಗೆಯೂ ಅದೇ ಅಭಿಪ್ರಾಯ. ದಾನ ಅಂತ ಕೊಡುವುದಾದರೆ ಕೊಡಿ, ಸಂಗ್ರಹಕ್ಕೆ ಅಂತ ಬೇಡ.

ಹೊಟ್ಟೆ ಹಸಿದರೆ 46ನೇ ಬೀದಿಯ ಜೋ ಆಲನ್‌ಗೆ ನಡೆದು ಹೋಗಿ, ಹತ್ತಿರವೇ. 1965ರಿಂದ ಇರುವ ಹೋಟೆಲ್. ಇದರ ಗೋಡೆ ತುಂಬಾ ತೋಪೆದ್ದ ನಾಟಕಗಳ ಪೋಸ್ಟರ್. ಮೊದಲು ಏರಿದ್ದು ‘ಕೆಲ್ಲಿ’ಯದ್ದು ಅಂತ ಹೇಳುತ್ತಾರೆ. ಸಂತೆಯಲ್ಲಿ ಇಡೀ ದಿನ ಹುಡುಕಿದ್ದು ಇಲ್ಲಿ ಸಾಲಾಗಿ ನೇತಾಡುತ್ತಿರುತ್ತದೆ, ಮಾರಾಟಕ್ಕಿಲ್ಲ ಅಷ್ಟೇ. ಬನಾನಾ ಕ್ರೀಮ್ ಪೈ ಚೆನ್ನಾಗಿದೆ. ಊಟಕ್ಕಿಂತ ಗೋಡೆ ರುಚಿ.

ತಂದ ಮೇಲೆ ಇಡುವ ವಿಷಯ ಚುಟುಕಾಗಿ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಆಮ್ಲ ಇಲ್ಲದ ಪಾಲಿಯೆಸ್ಟರ್ ಕವರ್ ತಗೊಳ್ಳಿ, ಸ್ಟೇಷನರಿ ಅಂಗಡಿಯ ಪಿವಿಸಿ ಕವರ್ ಅಕ್ಷರವನ್ನೇ ಎಳೆದುಕೊಳ್ಳುತ್ತದೆ. ಟೆಲಿಗ್ರಾಂ ಕಾಗದ ಮಡಿಕೆಯಲ್ಲಿ ಒಡೆಯುತ್ತದೆ, ಬಿಚ್ಚಿ ಚಪ್ಪಟೆಯಾಗಿ ಇಡಿ, ಟೇಪ್ ಅಂಟಿಸಬೇಡಿ. ಬೇಸ್‌ಮೆಂಟ್ ಬೇಡ. ಊರಿನ ಅಭ್ಯಾಸದಂತೆ ನುಸಿಗುಳಿಗೆ ಹಾಕುವುದೂ ಬೇಡ.

ಹೋಗುವವರು 10ಕ್ಕಿಂತ ಮುಂಚೆ ಅಲ್ಲಿರಿ. ಪೋಸ್ಟರ್ ಟ್ಯೂಬ್ ತರಬೇಡಿ, ವಿಂಡೋ ಕಾರ್ಡ್ ಸುರುಳಿ ಸುತ್ತಲು ಬರುವುದಿಲ್ಲ, ಎರಡು ದಪ್ಪ ರಟ್ಟು ಮತ್ತು ದಾರ ಸಾಕು. ಮಕ್ಕಳ ಸ್ಟ್ರೋಲರ್ ತಂದರೆ ಆ ಓಣಿಯಲ್ಲಿ ನಿಮಗೂ ಕಷ್ಟ, ಉಳಿದವರಿಗೂ ಕಷ್ಟ. ಮತ್ತೆ ಒಂದು ಸ್ವಾರ್ಥದ ಮಾತು. ‘ಟಿಫನೀಸ್’ ನಾಟಕ ಬ್ರಾಡ್‌ವೇಗೆ ಬರುವ ಮೊದಲು ಫಿಲಡೆಲ್ಫಿಯಾ, ಬಾಸ್ಟನ್‌ಗಳಲ್ಲಿ ‘ಹಾಲಿ ಗೋಲೈಟ್ಲಿ’ ಅನ್ನುವ ಹೆಸರಿನಲ್ಲಿ ಆಡಿತ್ತು. ಆ ಹೆಸರಿನ ಕಾರ್ಯಕ್ರಮ ಪುಸ್ತಿಕೆ ನನಗೆ ಇನ್ನೂ ಸಿಕ್ಕಿಲ್ಲ. ಫಿಲಡೆಲ್ಫಿಯಾ ಕಡೆಯ ಕನ್ನಡದವರು ಯಾರಾದರೂ ಹಳೆಯ ಪುಸ್ತಕದಂಗಡಿಯಲ್ಲಿ ಕಂಡರೆ ದಯವಿಟ್ಟು ತೆಗೆದಿಡಿ, ದುಡ್ಡು ಕೊಡುತ್ತೇನೆ, ಪೈ ಕೂಡ ಕೊಡಿಸುತ್ತೇನೆ.